ಬೆಂಕಿಗೆ ಬಳಿದ ಕೆಂಪು

ನನ್ನ ಕೆಲಸ ಹಳೆಯ ಕಾಗದವನ್ನು ತೊಳೆಯುವುದು. ಹೀಗೆಂದರೆ ಈಗಲೂ ನಗುವವರಿದ್ದಾರೆ. ಕಾಗದವನ್ನು ಯಾರಾದರೂ ತೊಳೆಯುತ್ತಾರೆಯೇ, ನೀರಿಗೆ ಹಾಕಿದರೆ ಮುದ್ದೆಯಾಗುವುದಿಲ್ಲವೇ ಎಂದು ಕೇಳುತ್ತಾರೆ. ಬಟ್ಟೆಯ ಚಿಂದಿಯಿಂದ ಮಾಡಿದ ಹಳೇ ಕಾಲದ ಒಳ್ಳೆಯ ಕಾಗದ ನೀರಿನಲ್ಲಿ ಹಾಯಾಗಿ ಮಲಗಿರುತ್ತದೆ. ಕೊಳೆಯನ್ನು ಬಿಡುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಮಂಗಳೂರಿನ ಒಂದು ಹಳೆಯ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಇದನ್ನು ಕಲಿತ ನಾನು, ಕುವೈತಿನ ಸಾಲ್ಮಿಯಾದಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯೊಂದರ ಅಟ್ಟದ ಮೇಲೆ ಇದೇ ಕೆಲಸ ಮಾಡಿಕೊಂಡಿದ್ದೆ. ಇಲ್ಲಿ ಹೇಳಹೊರಟಿರುವುದು ಒಂದೇ ಒಂದು ಚಿತ್ರದ ವಿಷಯ, ಅದರಲ್ಲೂ ಅದರ ಮೇಲಿದ್ದ ಒಂದೇ ಒಂದು ಬಣ್ಣದ ವಿಷಯ.

೧೯೯೦ರ ಜುಲೈ ಕೊನೆಯಲ್ಲಿ ಅದನ್ನು ಅಂಗಡಿಗೆ ತಂದವರು ಒಬ್ಬ ಕುವೈತಿ ಇಂಜಿನಿಯರು. ಮೂವತ್ತರ ಆಸುಪಾಸಿನ ವಯಸ್ಸು, ಸ್ವಿಟ್ಜರ್ಲೆಂಡಿನಲ್ಲಿ ಓದಿ ಬಂದವರು. ಚಿತ್ರವನ್ನು ಅಲ್ಲಿನ ಒಂದು ಹಳೇ ಪುಸ್ತಕದಂಗಡಿಯಲ್ಲಿ ಕೊಂಡಿದ್ದರಂತೆ. ತಾಮ್ರದ ತಗಡಿನ ಮೇಲೆ ಉಳಿಯ ಮೊನೆಯಿಂದ ಗೆರೆ ಕೊರೆದು, ಗೆರೆಗಳಿಗೆ ಕಪ್ಪು ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಅಚ್ಚುಚಿತ್ರ ಅದು. ಆಲ್ಪ್ಸ್ ಬೆಟ್ಟಗಳ ನಡುವೆ ಒಂದು ಹಳ್ಳಿ. ಮರದ ಮನೆಗಳು, ಮರದ ಹಲಗೆ ಹೊದೆಸಿದ ಮಾಡುಗಳು, ನಡುವೆ ಚೂಪು ಗೋಪುರದ ಇಗರ್ಜಿ. ಇಡೀ ಊರಿಗೆ ಬೆಂಕಿ ಬಿದ್ದಿದೆ. ಗಾಳಿ ಎಡದಿಂದ ಬಲಕ್ಕೆ ಬೀಸುತ್ತಿದೆ ಎನ್ನುವುದು ಹೊಗೆಯ ಗೆರೆಗಳಿಂದಲೇ ತಿಳಿಯುತ್ತದೆ. ಕೆಳಗೆ ಜನ. ತೊರೆಯ ನೀರನ್ನು ಕೈಯಿಂದ ಕೈಗೆ ಬಕೀಟಿನಲ್ಲಿ ದಾಟಿಸುವವರು, ಹಗ್ಗ ಹಿಡಿದು ಹಸುವನ್ನು ಎಳೆಯುವ ಹೆಂಗಸು, ಮಾಡು ಹತ್ತಿ ಹಲಗೆ ಕಿತ್ತೆಸೆಯುತ್ತಿರುವವನು, ಗೋಡೆ ಗಡಿಯಾರವನ್ನು ಮಗುವಿನ ಹಾಗೆ ಅಪ್ಪಿಕೊಂಡು ಓಡುವ ಮುದುಕ. ಅಡಿಯಲ್ಲಿ ಜರ್ಮನ್ ಅಕ್ಷರದಲ್ಲಿ ಊರಿನ ಹೆಸರು.

ಜ್ವಾಲೆಗಳಿಗೆ ಮಾತ್ರ ಕೆಂಪು ಬಣ್ಣ ಬಳಿದಿತ್ತು. ಒಳ್ಳೆಯ ಕೆಂಪು, ಮೇಜಿನ ಮೇಲೆ ಇಟ್ಟ ತಕ್ಷಣ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇಂಜಿನಿಯರು ಆ ಕೆಂಪಿನ ಮೇಲೆ ಬೆರಳು ತಾಗಿಸದೆ ಆಡಿಸಿ, ಇಂಗ್ಲಿಷಿನಲ್ಲಿ ಹೇಳಿದರು: "ಇದನ್ನು ಯಾರೋ ಆಮೇಲೆ ಬಳಿದಿದ್ದಾರೆ. ಕೊರೆದವನು ಬೆಂಕಿಗೆ ಬಣ್ಣ ಹಾಕಿರಲಿಲ್ಲ. ಕೆಂಪು ಇದ್ದರೆ ಎಲ್ಲರೂ ಬೆಂಕಿಯನ್ನೇ ನೋಡುತ್ತಾರೆ, ಕೆಳಗಿರುವ ಜನರನ್ನು ಯಾರೂ ನೋಡುವುದಿಲ್ಲ. ಈ ಕೆಂಪು ನನಗೆ ಬೇಡ. ತೊಳೆದು ತೆಗೆದುಬಿಡಿ." ಬರುವ ವಾರ ನೋಡುವ ಎಂದೆ. ಬರುವ ವಾರ ಇರಾಕಿನ ಸೈನ್ಯ ಬಂತು.

ಬಸ್ರಾ, ಬಾಗ್ದಾದ್, ಅಮ್ಮಾನ್ ದಾರಿಯಲ್ಲಿ ಊರು ಸೇರಿದ ಕಥೆಯನ್ನು ಸಾಕಷ್ಟು ಜನ ಹೇಳಿದ್ದಾರೆ, ನಾನು ಬೇರೆ ಹೇಳಬೇಕಾಗಿಲ್ಲ. ಹೊರಡುವ ಮೊದಲು ಗಿರಾಕಿಗಳ ಚಿತ್ರಗಳನ್ನೆಲ್ಲ ಒಂದೊಂದಾಗಿ ಒತ್ತುಕಾಗದದ ನಡುವೆ ಇಟ್ಟು ಅಟ್ಟದ ಅಗಲ ಡ್ರಾಯರುಗಳಲ್ಲಿ ಮಲಗಿಸಿ ಬಂದಿದ್ದೆ. ಮರುವರ್ಷ, ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ, ಅಂಗಡಿಯ ಕುವೈತಿ ಮಾಲಿಕ, ನಮ್ಮ ಕಫೀಲ್, ಮೊದಲು ಕರೆಸಿಕೊಂಡವರಲ್ಲಿ ನಾನೂ ಅಂಗಡಿಯ ಬಡಗಿಯೂ ಇದ್ದೆವು. ಬಡಗಿ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್, ಚೌಕಟ್ಟಿನ ಮೂಲೆ ಕೂಡಿಸುವುದರಲ್ಲಿ ಎತ್ತಿದ ಕೈ. ನಾನು ತುಳುವ. ನಾವು ಮಾತಾಡುತ್ತಿದ್ದುದು ಮಂಗಳೂರು ಕನ್ನಡದಲ್ಲಿ, ಜಗಳವಾಡುತ್ತಿದ್ದುದು ಹಿಂದಿಯಲ್ಲಿ.

ಅಂಗಡಿಯಲ್ಲಿ ಗಾಜಿಲ್ಲ, ಚೌಕಟ್ಟಿನ ಮರವಿಲ್ಲ, ಬಡಗಿಯ ಯಂತ್ರಗಳಿಲ್ಲ. ಕಿಟಕಿಯ ಗಾಜು ಒಡೆದಿತ್ತು. ಕಾಗದ ಮಾತ್ರ ಯಾರಿಗೂ ಬೇಕಾಗಿರಲಿಲ್ಲ. ಡ್ರಾಯರುಗಳನ್ನು ಎಳೆದು ಎಲ್ಲವನ್ನೂ ನೆಲಕ್ಕೆ ಸುರಿದಿದ್ದರು. ದಕ್ಷಿಣದ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಆ ಕಡೆಯಿಂದ ತಿರುಗಿದ ದಿನ ಮಧ್ಯಾಹ್ನವೇ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು, ಒಣಗಲು ಹಾಕಿದ ಅಂಗಿಯ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಬೀಳುತ್ತಿದ್ದವು. ಆ ಹೊಗೆ ತಿಂಗಳುಗಟ್ಟಲೆ ಒಡೆದ ಕಿಟಕಿಯಿಂದ ಒಳಗೆ ಬಂದು ಅಟ್ಟದ ಮೇಲೆ ಕೂತಿತ್ತು. ಆಲ್ಪ್ಸ್ ಹಳ್ಳಿಯ ಚಿತ್ರ ಮುಖ ಮೇಲಾಗಿ ಬಿದ್ದಿತ್ತು. ಒಂದು ಒತ್ತುಕಾಗದ ಅದರ ಮೇಲೆ ಓರೆಯಾಗಿ ಬಿದ್ದಿದ್ದರಿಂದ ಬಲಗಡೆಯ ಮೂಲೆ, ಇಗರ್ಜಿಯ ಗೋಪುರ, ತೊರೆ, ಬಕೀಟಿನ ಸಾಲು ಎಲ್ಲ ಬೆಳ್ಳಗೆ ಉಳಿದಿದ್ದವು. ಉಳಿದ ಕಡೆ ಆಕಾಶವೂ ಬೆಟ್ಟವೂ ಉರಿಯುವ ಮನೆಗಳೂ ಜಿಡ್ಡು ಮಸಿಯ ಕೆಳಗೆ ಹೋಗಿದ್ದವು. ಅಚ್ಚಿನ ಹೊಗೆ ಯಾವುದು, ನಿಜವಾದ ಹೊಗೆ ಯಾವುದು ಎಂದು ಭೂತಗನ್ನಡಿ ಹಿಡಿದು ನೋಡಬೇಕಾಯಿತು.

ನಾವು ಶಟರ್ ಎತ್ತಿ ಕಸ ಗುಡಿಸುತ್ತಿದ್ದಾಗಲೇ ಒಬ್ಬ ಮುದುಕರು ಬಂದು ಬಾಗಿಲಲ್ಲಿ ನಿಂತರು. ಪಾದದವರೆಗಿನ ಬಿಳಿ ನಿಲುವಂಗಿ ದಿಶ್ದಾಶಾ, ಕೈಯಲ್ಲಿ ಜಪಸರ. ಹಳೇ ಕಾಲದ ಕುವೈತಿ ವ್ಯಾಪಾರಿಗಳ ಹಾಗೆ ಬೊಂಬಾಯಿಯಲ್ಲಿ ವರ್ಷಗಟ್ಟಲೆ ಇದ್ದವರಂತೆ, ನನಗಿಂತ ಚೆನ್ನಾಗಿ ಹಿಂದಿ ಮಾತಾಡಿದರು.

"ಮಾಸ್ಟರ್, ಬೆಂಕಿಯ ಚಿತ್ರ ಒಂದಿತ್ತಲ್ಲ, ಅದು ನನ್ನ ಮಗನದು. ಸಾಲ್ಮಿಯಾದ ಫ್ರೇಮ್ ಅಂಗಡಿಯಲ್ಲಿ ಕೊಟ್ಟಿದ್ದೇನೆ ಅಂದಿದ್ದ. ಎಲ್ಲ ಅಂಗಡಿಗಳ ಮುಂದೂ ಬಂದು ನೋಡಿ ಹೋಗುತ್ತಿದ್ದೆ. ನಿಮ್ಮದು ಇವತ್ತು ತೆರೆಯಿತು."

ಮಗ ಎಲ್ಲಿ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಸೈನಿಕರು ಹಿಡಿದುಕೊಂಡು ಹೋದರು. ಬಂದಿಗಳನ್ನು ಬಿಟ್ಟಾಗ ವಾಪಸಾದ ಒಬ್ಬ ಹುಡುಗ ಬಸ್ರಾದ ಜೈಲಿನಲ್ಲಿ ಅವನನ್ನು ನೋಡಿದ್ದಾನಂತೆ. ಬದುಕಿದ್ದಾನೆ. ಮುಂದಿನ ತಂಡದಲ್ಲಿ ಬರಬಹುದು. ಅಷ್ಟರೊಳಗೆ ಅವನ ಕೋಣೆಯಲ್ಲಿ ಅವನ ಚಿತ್ರ ಇರಬೇಕು.

ನಾನು ಅಟ್ಟದಿಂದ ಚಿತ್ರ ತಂದು ಕೌಂಟರ್ ಮೇಲೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. ಮಸಿಯ ಅಡಿಯಲ್ಲಿ ಒಂದು ಕಡೆ ಸ್ವಲ್ಪ ಕೆಂಪು ಕಾಣುತ್ತಿತ್ತು, ಅದರ ಮೇಲೆಯೇ ಅವರ ಕಣ್ಣು.

"ಹೇಗಿತ್ತೋ ಹಾಗೆ ಮಾಡಿಕೊಡು ಮಾಸ್ಟರ್. ಮುಖ್ಯ ಈ ಲಾಲ್. ಬಾಗಿಲಲ್ಲಿ ನಿಂತರೆ ಕಾಣಬೇಕು. ಮೊದಲ ದಿನ ಇದನ್ನು ತಂದು ದೀಪದ ಕೆಳಗೆ ಹಿಡಿದಾಗ ಅವನ ತಾಯಿ ಹೆದರಿ ಹಿಂದೆ ಸರಿದಿದ್ದಳು. ಮನೆಯಲ್ಲಿ ಎಲ್ಲರೂ ನಕ್ಕಿದ್ದೆವು."

ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಆಗಲಿ ಎಂದೆ. ಮನೆಯ ಗುರುತು ಹೇಳಿ ಹೋದರು.

ಅವರು ಹೋದ ಮೇಲೆ ಬಡಗಿಗೆ ಎಲ್ಲ ಹೇಳಿದೆ. ಮಗ ಕೆಂಪು ತೆಗೆಯಲು ಹೇಳಿದ್ದಾರೆ, ಅಪ್ಪ ಕೆಂಪೇ ಬೇಕು ಅನ್ನುತ್ತಾರೆ.

"ನೀವು ಸುಮ್ಮನೆ ಕೂರಿ ಮಾರಾಯ್ರೆ," ಎಂದರು ಬಡಗಿ. "ಎದುರು ನಿಂತು ಕೇಳುವವರು ಹೇಳಿದ್ದನ್ನು ಮಾಡುದು. ಸತ್ತವರು ಬಂದು ಕೇಳ್ತಾರಾ?"

"ಸತ್ತವರು ಅಂತ ನಿಮಗೆ ಯಾರು ಹೇಳಿದ್ದು?"

"ನನಗೆ ಯಾರು ಹೇಳುದು. ಹಾಗಂತ ಬಸ್ರಾ ಜೈಲಿಂದ ಇನ್ನು ಯಾರು ಬರ್ತಾರೆ ಅಂತ ನಿಮಗೂ ಗೊತ್ತುಂಟು."

ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಗಿರಾಕಿ ಒಬ್ಬರೇ, ಕೆಲಸ ಕೊಟ್ಟವರು. ಅವರು ಬಂದು ನನ್ನ ಕೆಲಸ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ ಎಂದೆ. ಬಡಗಿ ಎದ್ದು ಕಿಟಕಿಗೆ ಪ್ಲಾಸ್ಟಿಕ್ ಹೊಡೆಯಲು ಹೋದರು.

ಮೊದಲು ಮಸಿ ಹೋಗಲಿ, ಕೆಂಪಿನ ವಿಷಯ ಆಮೇಲೆ ಎಂದು ಕೆಲಸಕ್ಕೆ ಕೂತೆ. ಮೆತ್ತನೆಯ ಆಡುಗೂದಲಿನ ಬ್ರಷ್ಷಿನಿಂದ ಆಕಾಶದ ಒಂದು ಮೂಲೆಯನ್ನು ಸವರಿದೆ. ಒಣ ಧೂಳಾಗಿದ್ದರೆ ಹಾರಿಹೋಗುತ್ತಿತ್ತು. ಇದು ಎಣ್ಣೆ ಕುಡಿದ ಮಸಿ. ಬ್ರಷ್ ಹೋದ ದಾರಿಯುದ್ದಕ್ಕೂ ಒಂದು ಕರಿ ಗೀಟು ಎಳೆಯಿತು. ಬ್ರಷ್ ಕೆಳಗಿಟ್ಟು ಕೈ ಕಟ್ಟಿಕೊಂಡು ಕೂತುಬಿಟ್ಟೆ. ನೀರು ಹಾಕುವ ಹಾಗಿಲ್ಲ, ಕೆಂಪು ಎಂಥದ್ದೆಂದು ಗೊತ್ತಿಲ್ಲ. ಸ್ಪಿರಿಟ್ ಹಾಕಿದರೆ ಎಣ್ಣೆ ಕರಗಿ ಕಾಗದದ ಒಳಗಿಳಿಯುತ್ತದೆ. ಉಜ್ಜಿದರೆ ಕಾಗದದ ನಾರಿನೊಳಗೆ ಕೂರುತ್ತದೆ. ಇನ್ನುಳಿದದ್ದು ಒತ್ತಿ ಎತ್ತುವುದು, ಮಸಿ ತಾನಾಗಿ ಬಂದು ಅಂಟಿಕೊಳ್ಳುವಂಥ ಏನನ್ನಾದರೂ ಅದರ ಮೇಲೆ ಒತ್ತಿ ನೇರ ಮೇಲಕ್ಕೆ ಎತ್ತುವುದು.

ಬೈಂಡಿಂಗ್ ವಿಭಾಗದಲ್ಲಿ ನಮ್ಮ ಗುರುಗಳು ಇಂಥ ಕೆಲಸಕ್ಕೆ ಬ್ರೆಡ್ ಬಳಸುತ್ತಿದ್ದರು. ಹಿಂದಿನ ದಿನದ ಬ್ರೆಡ್ಡಿನ ಸಿಪ್ಪೆ ಸುಲಿದು, ಒಳಗಿನ ಬಿಳಿಯನ್ನು ಚಿಟಿಕೆಯಷ್ಟು ಹೆಬ್ಬೆರಳಲ್ಲಿ ಉಂಡೆ ಮಾಡಿ, ಕಾಗದದ ಮೇಲೆ ಒತ್ತಿ ಎತ್ತುವುದು. ಕೊಳೆ ಉಂಡೆಗೆ ಬರುತ್ತದೆ, ಕಾಗದಕ್ಕೆ ನೋವಾಗುವುದಿಲ್ಲ. ನಮ್ಮಲ್ಲಿ ಎಲ್ಲರೂ ಕಲಿಯುತ್ತಿದ್ದ ಮೊದಲ ಪಾಠವೇ ಅದು. ಸಾಲ್ಮಿಯಾದಲ್ಲಿ ರಬ್ಬರು, ಬಣ್ಣ, ಪೆನ್ಸಿಲ್ ಮಾರುವ ಅಂಗಡಿಗಳು ಇನ್ನೂ ತೆರೆದಿರಲಿಲ್ಲ, ಬೇಕರಿಗಳು ತೆರೆದಿದ್ದವು. ಉದ್ದನೆಯ ಬನ್ನಿನಂಥ ಸಮೂನ್ ಬ್ರೆಡ್ಡುಗಳ ಒಂದು ಚೀಲ ತಂದೆ. ಚಿತ್ರದ ಅಂಚಿನಲ್ಲಿ ಪರೀಕ್ಷೆ ಮಾಡಿದೆ. ಉಂಡೆ ಬೂದು ಬಣ್ಣಕ್ಕೆ ತಿರುಗಿತು, ಕಾಗದ ತಿಳಿಯಾಯಿತು.

ಆಮೇಲೆ ಅದೇ ಕೆಲಸ. ಉಂಡೆ ಮಾಡು, ಒತ್ತು, ಎತ್ತು, ಬಿಸಾಕು, ಹೊಸದು ತಗೋ. ಆಕಾಶದಿಂದ ಶುರು ಮಾಡಿ ಕೆಳಗೆ ಇಳಿದೆ. ಒಂದೇ ಒಂದು ಚೂರು ಕಾಗದದ ಮೇಲೆ ಉಳಿದರೂ ಹುಳ ಹಿಡಿಯುತ್ತದೆ, ಹಾಗಾಗಿ ಪ್ರತಿ ಸಾಲು ಮುಗಿದ ಮೇಲೆ ಒಣ ಬ್ರಷ್ಷಿನಲ್ಲಿ ಗುಡಿಸಬೇಕು. ಅಟ್ಟ ಬಿಸಿ ಕಾವಲಿ. ಬೆವರು ಚಿತ್ರದ ಮೇಲೆ ಬೀಳಬಾರದೆಂದು ಹಣೆಗೆ ಟವೆಲ್ ಬಿಗಿದಿದ್ದೆ. ಗಾಳಿ ದಕ್ಷಿಣದಿಂದ ಬಂದ ದಿನ ಕಿಟಕಿಯ ಪ್ಲಾಸ್ಟಿಕ್ ಸಂದಿಯಿಂದಲೂ ಹೊಗೆ ನುಗ್ಗಿ, ತೆಗೆದ ಕಡೆ ಮತ್ತೆ ಕೂರುತ್ತಿತ್ತು. ಅಂಥ ದಿನ ಚಿತ್ರ ಮುಚ್ಚಿಟ್ಟು ಸುಮ್ಮನೆ ಇರುತ್ತಿದ್ದೆ. ಆದರೂ ಬೆಟ್ಟಗಳ ಸಾಲು ಹೊರಗೆ ಬಂತು, ಅದರ ಮೇಲೆ ಹಿಮದ ಗೆರೆ ಬಂತು. ಮಾಡಿನ ಮೇಲೆ ಹತ್ತಿ ಹಲಗೆ ಕೀಳುತ್ತಿದ್ದವನ ಕೈ ಕಂಡ ದಿನ ನಾನು ಬಡಗಿಯನ್ನು ಕೂಗಿ ಕರೆದು ತೋರಿಸಿದೆ.

ಮಸಿ ಮೆತ್ತಿದ ಉಂಡೆಗಳು ಬುಟ್ಟಿಗೆ ಬಿದ್ದಷ್ಟೇ ನೆಲಕ್ಕೂ ಬೀಳುತ್ತಿದ್ದವು. ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಮೆಟ್ಟಿಕೊಂಡೇ ಓಡಾಡುತ್ತಿದ್ದೆವು. ಕುವೈತಿನಲ್ಲಿ ಅಷ್ಟು ವರ್ಷ ಇದ್ದವರು ನಾವು. ರಸ್ತೆಯಲ್ಲಿ ಬಿದ್ದ ರೊಟ್ಟಿಯನ್ನು ದಾರಿಹೋಕರು ಎತ್ತಿ ತುಟಿಗೂ ಹಣೆಗೂ ಒತ್ತಿಕೊಂಡು, ಯಾರ ಕಾಲಿಗೂ ಸಿಗದ ಹಾಗೆ ಗೋಡೆಯ ಮೇಲೆ ಇಡುವುದನ್ನು ಎಷ್ಟು ಸಲ ನೋಡಿದ್ದೆವೋ. ಅದು ಬ್ರೆಡ್ ಎನ್ನುವುದೇ ನಮಗೆ ಮರೆತುಹೋಗಿತ್ತು. ನಮ್ಮ ಪಾಲಿಗೆ ಅದು ಉಪಕರಣ.

ಮುದುಕರು ಹೇಳದೆ ಕೇಳದೆ ಅಟ್ಟ ಹತ್ತಿ ಬಂದದ್ದು ಆಗಲೇ. ಚಿತ್ರ ನೋಡಿ ಖುಷಿಯಾಗುತ್ತಾರೆ ಎಂದುಕೊಂಡು ಎದ್ದು ನಿಂತೆ. ಅವರು ನೆಲ ನೋಡುತ್ತಿದ್ದರು. ನಿಧಾನವಾಗಿ ಬಗ್ಗಿ, ಒಂದು ಕರಿ ಉಂಡೆ ಎತ್ತಿ, ಬೆರಳಲ್ಲಿ ಹಿಸುಕಿದರು. ಒಳಗಿನ ಬಿಳಿ ಕಂಡಿತು.

"ಇದು ಖುಬುಸ್," ಎಂದರು.

"ಹೌದು. ಮಸಿ ತೆಗೆಯಲಿಕ್ಕೆ. ನಮ್ಮ ಕೆಲಸದಲ್ಲಿ ಇದೇ ಪದ್ಧತಿ."

"ರೊಟ್ಟಿಯಿಂದ ಕೊಳೆ ಒರೆಸುತ್ತೀಯ. ಮೇಲೆ ಚಪ್ಪಲಿ ಕಾಲಿಡುತ್ತೀಯ."

ಬಡಗಿ ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡರು. ನಾನು ವಿವರಿಸಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಮಂಡಿಯೂರಿ ಕೂತು ಉಂಡೆಗಳನ್ನು ಒಂದೊಂದಾಗಿ ಹೆಕ್ಕಿ ಮಡಿಲಿಗೆ ಹಾಕಿಕೊಳ್ಳತೊಡಗಿದರು. ಬಿಳಿ ದಿಶ್ದಾಶಾ ಕಪ್ಪಾಯಿತು. ಹೆಕ್ಕುತ್ತಲೇ ಹೇಳಿದರು.

"ಇರಾಕಿನವರು ಬಂದಾಗ ಬೇಕರಿಯ ಕೆಲಸಗಾರರೆಲ್ಲ ಓಡಿಹೋದರು. ಬೀದಿಯ ಹುಡುಗರೇ ಹಿಟ್ಟು ಕಲಸಿದರು. ನನ್ನ ಮಗ ಇಂಜಿನಿಯರು, ಮನೆಯಲ್ಲಿ ಒಂದು ಲೋಟ ನೀರು ತಾನಾಗಿ ತಗೊಂಡವನಲ್ಲ, ಅವನು ಹಿಟ್ಟು ಕಲಸಿದ. ನಮ್ಮ ಬೀದಿಗೆಲ್ಲ ಅವನೇ ರೊಟ್ಟಿ ಹಂಚಿದ. ಅವನನ್ನು ಹಿಡಿದದ್ದು ಬೇರೆಲ್ಲೂ ಅಲ್ಲ ಮಾಸ್ಟರ್, ಒಲೆಯ ಮುಂದೆ. ಕೈಗೆ ಹಿಟ್ಟು ಮೆತ್ತಿಕೊಂಡಿತ್ತಂತೆ."

ನಾನೂ ಬಗ್ಗಿ ಹೆಕ್ಕಲು ಹೋದೆ, ಅವರು ಕೈ ಅಡ್ಡ ಹಿಡಿದರು.

"ನೀನು ಮುಟ್ಟಬೇಡ. ನನ್ನ ಮಗನ ವಸ್ತುವನ್ನು ಹೀಗೆ ಮಾಡಿದೆ. ಅವನಿಗೆ ಏನು ಬೇಕಿತ್ತು ಅಂತ ನಿನಗೇನು ಗೊತ್ತು?"

ಹೇಳಬಾರದಿತ್ತು. ನಾಚಿಕೆಯೂ ಆಗಿತ್ತು, ಆ ನಾಚಿಕೆಗೇ ಸಿಟ್ಟೂ ಬಂದಿತ್ತು.

"ಗೊತ್ತು," ಎಂದೆ. "ನಿಮಗಿಂತ ನನಗೇ ಚೆನ್ನಾಗಿ ಗೊತ್ತು. ಆ ಕೆಂಪು ಬೇಡ ಅಂದಿದ್ದರು ಅವರು. ತೊಳೆದು ತೆಗೆದುಬಿಡಿ ಅಂತ ಕೊಟ್ಟದ್ದು. ನಿಮ್ಮ ಲಾಲ್ ಅವರಿಗೆ ಬೇಡವಾಗಿತ್ತು."

ಅವರು ಎದ್ದು ನಿಂತರು. ಮಡಿಲಿನ ಉಂಡೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟರು. ಮೇಜಿನ ಮೇಲಿದ್ದ ಚಿತ್ರವನ್ನು ಒತ್ತುಕಾಗದದ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದರು. ತಟ್ಟೆಯಲ್ಲಿ ತುಂಬಿದ ನೀರು ಹಿಡಿದು ಹೋಗುವವರ ಹಾಗೆ ಹೋದರು. ಹೊರಗೆ ದಕ್ಷಿಣದ ಗಾಳಿ ಬೀಸುತ್ತಿತ್ತು.

"ಖಲಾಸ್," ಎಂದರು ಬಡಗಿ. "ನಿಮ್ಮ ಬಾಯಿಗೊಂದು ಬೀಗ ಮಾಡಿಕೊಡ್ಬೇಕು ನಾನು."

ಅಟ್ಟ ಗುಡಿಸಿ ಒರೆಸಿದೆ. ಮುಂದಿನ ದಿನಗಳಲ್ಲಿ ಬೇರೆ ಕೆಲಸಕ್ಕೆ ಕೈ ಹಾಕಿದರೂ ಮನಸ್ಸು ಅಲ್ಲಿಲ್ಲ. ಕೆಲಸದ ಪ್ರಕಾರ ನೋಡಿದರೂ ಅದು ಕೆಟ್ಟ ಸ್ಥಿತಿಯಲ್ಲಿ ಹೋಗಿತ್ತು. ಆಕಾಶ ತಿಳಿ, ಜ್ವಾಲೆಗಳ ಸುತ್ತ ಮಸಿ ಹಾಗೇ. ಆ ಮಸಿಯಲ್ಲಿ ಗಂಧಕವಿದೆ, ತೇವ ತಾಗಿದರೆ ಹುಳಿಯಾಗಿ ಕಾಗದವನ್ನು ತಿನ್ನುತ್ತದೆ. ಯಾರಾದರೂ ಬಟ್ಟೆಯಿಂದ ಒರೆಸಲು ಹೋದರಂತೂ ಮುಗಿಯಿತು. ಇದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಒಬ್ಬ ಅಪ್ಪನಿಗೆ ನಿನ್ನ ಮಗನ ಮನಸ್ಸು ನಿನಗೆ ಗೊತ್ತಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ, ಅದೂ ಅವರು ನೆಲದ ಮೇಲೆ ರೊಟ್ಟಿ ಹೆಕ್ಕುತ್ತಿದ್ದಾಗ.

ಕೊನೆಗೆ ಅವರ ಮನೆಗೆ ಹೋಗುವುದೆಂದು ನಿರ್ಧರಿಸಿದೆ. ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ಬ್ರೆಡ್ಡನ್ನು ಇನ್ನು ಮುಟ್ಟುವಂತಿಲ್ಲ, ಅದರ ಬದಲಿಗೆ ಮಕ್ಕಳು ಬಳಸುವ ಬಿಳಿ ರಬ್ಬರ್ ಬೇಕು. ಬಡಗಿ ಸಬ್ಹಾನಿನ ಗೋದಾಮುಗಳಲ್ಲಿ ಗುರುತಿದ್ದವರನ್ನೆಲ್ಲ ಕೇಳಿ ಎಲ್ಲಿಂದಲೋ ಒಂದು ಪೆಟ್ಟಿಗೆ ತಂದರು. ತಂದದ್ದಷ್ಟೇ ಅಲ್ಲ, ಕೂತು ಮರ ಉಜ್ಜುವ ಅರದಲ್ಲಿ ಒಂದೊಂದನ್ನೂ ಉಜ್ಜಿ ಪುಡಿ ಮಾಡಿದರು. ರವೆಯ ಹಾಗೆ ಬಂತು.

"ಚಲೋ, ಹೋಗಿ," ಎಂದರು. "ಕೋಪ ಮಾತ್ರ ಇಲ್ಲೇ ಇಟ್ಟು ಹೋಗಿ ಮಾರಾಯ್ರೆ."

ಮುದುಕರು ಬಾಗಿಲು ತೆರೆದು ನನ್ನನ್ನು ನೋಡಿ ಪಕ್ಕಕ್ಕೆ ಸರಿದರು. ಚಹಾ ಬಂತು. ಮನೆಯಲ್ಲಿ ಸದ್ದೇ ಇರಲಿಲ್ಲ. ನಾನು ಬ್ರೆಡ್ಡಿನ ವಿಷಯಕ್ಕೆ ತಪ್ಪಾಯಿತು ಎಂದೆ. ಅವರು ಕೈಯಾಡಿಸಿದರು.

"ಅದು ಬಿಡು. ಅವನು ಏನು ಹೇಳಿದ?"

"ಯಾರು?"

"ನನ್ನ ಮಗ. ನಿನ್ನ ಅಂಗಡಿಗೆ ಬಂದ ದಿನ. ಮೊದಲಿಂದ ಹೇಳು."

ಬೈಗುಳ ಕೇಳಲು ಸಿದ್ಧನಾಗಿ ಬಂದಿದ್ದ ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅವರು ಮುಂದಕ್ಕೆ ಬಾಗಿ ಕೂತಿದ್ದರು. ನಾನು ಹೇಳಿದೆ. ಮಧ್ಯಾಹ್ನ ಬಂದರು, ಚಿತ್ರವನ್ನು ಎರಡು ರಟ್ಟಿನ ನಡುವೆ ತಂದಿದ್ದರು, ಮೇಜಿನ ಮೇಲೆ ತಾವೇ ಬಿಚ್ಚಿದರು. ಕೆಂಪನ್ನು ಆಮೇಲೆ ಬಳಿದದ್ದು ಎಂದರು. ಕೆಂಪು ಇದ್ದರೆ ಎಲ್ಲರೂ ಬೆಂಕಿಯನ್ನೇ ನೋಡುತ್ತಾರೆ, ಕೆಳಗಿರುವ ಜನರನ್ನು ಯಾರೂ ನೋಡುವುದಿಲ್ಲ ಎಂದರು.

"ಹಾಗಂದನಾ," ಎಂದರು. "ಇನ್ನೊಂದು ಸಲ ಹೇಳು."

ಹೇಳಿದೆ. ಆಗ ನನಗೆ ತಿಳಿಯಿತು. ಮಗ ಆಡಿದ ಮಾತುಗಳನ್ನೆಲ್ಲ ಅವರು ಆ ಒಂದು ವರ್ಷದಲ್ಲಿ ಎಷ್ಟು ಸಲ ತಿರುವಿಹಾಕಿದ್ದರೋ. ಇದು ಅವರು ಕೇಳಿರದ ಮಾತು. ಅಟ್ಟದಲ್ಲಿ ನಾನು ಸಿಟ್ಟಿನಲ್ಲಿ ಎಸೆದ ಮಾತನ್ನು ಅವರು ಜೋಪಾನವಾಗಿ ಮನೆಗೆ ತಂದುಕೊಂಡಿದ್ದರು. ನನ್ನ ಕಣ್ಣು ತುಂಬಿ ಬಂತು, ಚಹಾದ ಲೋಟ ಬಾಯಿಗಿಟ್ಟು ಮರೆಸಿಕೊಂಡೆ.

ಚಿತ್ರವನ್ನು ಮನೆಯಿಂದ ಹೊರಗೆ ಕಳಿಸಲು ಅವರು ಒಪ್ಪಲಿಲ್ಲ. ಸರಿ, ಇಲ್ಲೇ ಮಾಡುತ್ತೇನೆ ಎಂದೆ. ಮಗನ ಕೋಣೆಯಲ್ಲಿ, ಮಗನ ಓದುವ ಮೇಜಿನ ಮೇಲೆ ಕೆಲಸ. ಕಿಟಕಿಗಳು ಗಟ್ಟಿಯಾಗಿದ್ದವು, ಹೊಗೆ ಬರುತ್ತಿರಲಿಲ್ಲ. ರಬ್ಬರ್ ಪುಡಿಯನ್ನು ತೆಳ್ಳಗೆ ಚೆಲ್ಲಿ, ಬೆರಳ ತುದಿಯಲ್ಲಿ ಭಾರ ಬಿಡದೆ ಸುತ್ತಿಸಿ, ಬ್ರಷ್ಷಿನಲ್ಲಿ ಗುಡಿಸಿ, ಮತ್ತೆ ಚೆಲ್ಲುವುದು. ಬ್ರೆಡ್ಡಿನಷ್ಟು ಬೇಗ ಆಗುತ್ತಿರಲಿಲ್ಲ, ಆದರೆ ಆಗುತ್ತಿತ್ತು. ಮುದುಕರು ಹಾಸಿಗೆಯ ಅಂಚಿನಲ್ಲಿ ಕೂತು ನೋಡುತ್ತಿದ್ದರು. ನಾನು ದಿನಾ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟದ ಹೊತ್ತಿಗೆ ಹಿಂದಿರುಗುತ್ತಿದ್ದೆ. ಮಸಿಯ ಅಡಿಯಿಂದ ಹಸುವಿನ ಹೆಂಗಸು ಬಂದಳು, ಗಡಿಯಾರದ ಮುದುಕ ಬಂದ. ಒಬ್ಬೊಬ್ಬರು ಬಂದಾಗಲೂ ಅವರು ಎದ್ದು ಬಂದು ನೋಡಿ, ನನ್ನ ಮಗ ನೋಡಬೇಕು ಅಂದದ್ದು ಇವರನ್ನಾ ಎಂದು ಕೇಳುತ್ತಿದ್ದರು.

ಕೊನೆಗೆ ಉಳಿದದ್ದು ಜ್ವಾಲೆಗಳು. ಪುಡಿಗೆ ಮೇಲಿನ ಮಸಿ ಬಂತು. ಕೆಂಪು ಕಂಡಿತು, ಆದರೆ ಮಂಕು ಕೆಂಪು, ಮಸಿ ಬಣ್ಣದೊಳಗೆ ಸೇರಿಕೊಂಡಿತ್ತು. ಹತ್ತಿಯನ್ನು ಕಡ್ಡಿಗೆ ಸುತ್ತಿ, ಶುದ್ಧ ನೀರಿನಲ್ಲಿ ಅದ್ದಿ ಹಿಂಡಿ, ತೀರಾ ಅಂಚಿನ ಒಂದು ಸಣ್ಣ ಜ್ವಾಲೆಗೆ ತಾಗಿಸಿ ತೆಗೆದೆ. ಹತ್ತಿ ಗುಲಾಬಿಯಾಯಿತು. ಅಚ್ಚಿನ ಕಪ್ಪು ಶಾಯಿ ಎಣ್ಣೆಯದು, ಅದು ಕದಲಲಿಲ್ಲ. ಕೆಂಪು ಬರೀ ನೀರುಬಣ್ಣ. ಇಂಜಿನಿಯರು ಹೇಳಿದ್ದು ನಿಜ, ಅದನ್ನು ಯಾರೋ ಆಮೇಲೆ ಬಳಿದದ್ದು.

ಹತ್ತಿಯನ್ನು ಮುದುಕರಿಗೆ ತೋರಿಸಿದೆ. ಮುಚ್ಚಿಡುವ ಮಾತು ಇನ್ನು ಬೇಡವೆನಿಸಿತ್ತು.

"ಒಂದು ತಟ್ಟೆ ನೀರು ಸಾಕು," ಎಂದೆ. "ಇವತ್ತೇ ತೊಳೆದರೆ ಕೆಂಪೂ ಹೋಗುತ್ತದೆ, ಅದರ ಜೊತೆ ಸೇರಿದ ಮಸಿಯೂ ಹೋಗುತ್ತದೆ. ಮಗ ಕೇಳಿದ ಹಾಗೆ ಆಗುತ್ತದೆ. ತೊಳೆಯದಿದ್ದರೆ ನೀವು ಕೇಳಿದ ಕೆಂಪು ಉಳಿಯುತ್ತದೆ, ಸ್ವಲ್ಪ ಮಂಕಾಗಿ. ತೊಳೆದ ಮೇಲೆ ಮತ್ತೆ ಬೇಕು ಅಂದರೆ ನನ್ನಿಂದ ಆಗದು."

ಅವರು ಆ ಹತ್ತಿಯನ್ನು ಕೈಗೆ ತಗೊಂಡರು. ಈಗ ಅವರಿಗೆ ಕೆಂಪಿನ ಆಸೆ ಹೋಗಿತ್ತು ಎಂದು ನನಗೆ ಗೊತ್ತಿತ್ತು. ಮಗ ಬೇಡ ಅಂದದ್ದು ಅವರಿಗೂ ಬೇಡವಾಗಿತ್ತು. ತೊಳೆ ಎನ್ನುತ್ತಾರೆ ಎಂದು ನಾನು ತಟ್ಟೆ ಎಲ್ಲಿಡುವುದೆಂದು ನೋಡುತ್ತಿದ್ದೆ.

"ಅವನು ಬಂದ ಮೇಲೆ ತೆಗೆಯಲು ಆಗುವುದಿಲ್ಲವಾ?" ಎಂದರು.

ಎಣ್ಣೆ ಮಸಿ ದಿನ ಹೋದ ಹಾಗೆ ಕಾಗದದ ಒಳಗಿಳಿಯುತ್ತದೆ. ಕೆಲಸ ಬಲ್ಲವನು ಇವತ್ತೇ ತೊಳೆಯಬೇಕು. ಹಾಗೆಂದೇ ಹೇಳಿದೆ, ತಡವಾದಷ್ಟೂ ಕಷ್ಟ ಎಂದೆ.

"ಕಷ್ಟ ಆದರೆ ಆಗಲಿ. ಅವನ ಕೆಲಸ ಅವನ ಎದುರಿಗೇ ಮಾಡು. ನೀನು ತೊಳೆ, ಅವನು ಇಲ್ಲಿ ಕೂತು ನೋಡಲಿ. ಅಲ್ಲಿಯ ತನಕ ಅದು ಬಾಕಿ ಇರಲಿ. ಬಾಕಿ ಇದ್ದರೆ ಅವನು ಬರಬೇಕಾಗುತ್ತದೆ."

ನನ್ನ ಇಡೀ ಕಲಿಕೆ ಬೇಡ ಬೇಡ ಎಂದಿತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡೆ. ಒಳ್ಳೆಯದೋ ಕೆಟ್ಟದ್ದೋ, ಆ ಚಿತ್ರವನ್ನು ತೊಳೆಯದೆ ಬಿಡುವುದೆಂದು ಆ ಗಳಿಗೆಯಲ್ಲಿ ನಾನೂ ಒಪ್ಪಿಕೊಂಡೆ.

ಬಡಗಿ ಸಿಕ್ಕಿದ ಮರದಲ್ಲೇ ಒಂದು ಚೌಕಟ್ಟು ಕೂಡಿಸಿದರು. ಕಾಗದಕ್ಕೆ ಗಾಜು ತಾಗದ ಹಾಗೆ ನಡುವೆ ದಪ್ಪ ರಟ್ಟು ಕೊಟ್ಟು, ಹಿಂದಿನ ಸಂದಿಗಳನ್ನು ಹೊಗೆ ಹೋಗದಂತೆ ಮುಚ್ಚಿ, ಬಾಗಿಲಿಗೆ ಎದುರಾದ ಗೋಡೆಯಲ್ಲಿ ತೂಗುಹಾಕಿದೆವು. ಬಡಗಿ ಕೆಳಗೆ ಗಾಡಿ ಹತ್ತಿರ ಹೋದರು. ನಾನು ಉಪಕರಣ ಕಟ್ಟಿಕೊಳ್ಳುತ್ತಿದ್ದಾಗ ಇಂಜಿನಿಯರ ತಾಯಿ ಬಾಗಿಲಿಗೆ ಬಂದು ನಿಂತರು. ಅಷ್ಟು ದಿನ ಅವರ ಕರಿ ಅಬಾಯಾ ಉಡುಪಿನ ಅಂಚು ಮಾತ್ರ ಕಂಡಿದ್ದೆ, ದನಿ ಕೇಳಿರಲಿಲ್ಲ. ಚಿತ್ರವನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತ ಅರಬಿಯಲ್ಲಿ ಏನೋ ಕೇಳಿದರು. ನನ್ನ ಅರಬಿ ಅಂಗಡಿಯದು, ಸಾಲಲಿಲ್ಲ. ಗಂಡನ ಕಡೆ ನೋಡಿದೆ.

"ಕೆಂಪು ಬೇಡ ಅಂತ ಹೇಳುವಾಗ ಅವನು ನಕ್ಕನಾ ಅಂತ ಕೇಳುತ್ತಿದ್ದಾಳೆ," ಎಂದರು ಮುದುಕರು.

ಆ ದಿನ ಇಂಜಿನಿಯರ ಬೆರಳು ಕೆಂಪಿನ ಮೇಲೆ ಆಡಿದ್ದು ನನಗೆ ನೆನಪಿತ್ತು. ಅಂಗಿಯ ಜೇಬಿನಲ್ಲಿ ಪೆನ್ನಿದ್ದದ್ದು ನೆನಪಿತ್ತು. ಮುಖ ನೆನಪಿರಲಿಲ್ಲ. ಚಿತ್ರ ಎದುರಿಗಿದ್ದಾಗ ನಾನು ಯಾರ ಮುಖವನ್ನೂ ನೋಡುವವನಲ್ಲ.

"ನಕ್ಕರು," ಎಂದೆ.

ಈ ಒಂದು ಹಿಂದಿ ಮಾತು ಆಕೆಗೆ ಅರ್ಥವಾಗಿರಬೇಕು, ಗಂಡ ಹೇಳುವವರೆಗೂ ಕಾಯಲಿಲ್ಲ. ಅವರ ಕಡೆ ತಿರುಗಿ, ಅವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡದ್ದು ಗೊತ್ತಿಲ್ಲವೇನೋ ಎಂಬ ಹಾಗೆ, ತಾನೇ ಹೇಳಿದರು. ನಕ್ಕನಂತೆ.